ಕಾಂಟೆಸ್ಸಾ ಮಾರುವ ಮುಂಚೆ ಅಟ್ಟ ಇಳಿಸಿ

1993ರ ಹಿಂದೂಸ್ತಾನ್ ಕಾಂಟೆಸ್ಸಾ ಕಾರು, 1.8 ಲೀಟರ್ ಇಸುಜು ಎಂಜಿನ್. 2006ರಲ್ಲಿ ಕೊಂಡೆ, 2024ರಲ್ಲಿ ಮಾರಿದೆ. ನಡುವಿನ ಹದಿನೆಂಟು ವರ್ಷದಲ್ಲಿ ಅದು ಓಡಿದ್ದಕ್ಕಿಂತ ಜಾಕಿ ಮೇಲೆ ನಿಂತಿದ್ದೇ ಜಾಸ್ತಿ. ಈಗ ಆ ಜಾಗದಲ್ಲಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ವಿಆರ್‌ಎಸ್ 230 ನಿಂತಿದೆ. ನಿಮ್ಮ ಶೆಡ್ಡಿನಲ್ಲೂ ಇಂಥದ್ದೊಂದು ಕೂತಿದ್ದರೆ ಓದಿ.

ಹೊಸ ಕಾರು ನೋಡಲು ಈಗಲೇ ಹೋಗಬೇಡಿ. ಒಂದು ಸಲ ಓಡಿಸಿದಿರೋ ಮುಗೀತು, ಹಳೆಯದನ್ನು ಸಿಕ್ಕಿದ ಬೆಲೆಗೆ ತಳ್ಳಿಬಿಡುತ್ತೀರಿ. ಮೊದಲು ಅಟ್ಟದ ಮೇಲಿಟ್ಟ ಬಿಡಿಭಾಗಗಳನ್ನೆಲ್ಲ ಇಳಿಸಿ. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಸಿಕ್ಕಾಗೆಲ್ಲ ಕೊಂಡಿಟ್ಟ ಟೈಲ್ ಲ್ಯಾಂಪ್, ಕಾರ್ಬ್ಯುರೇಟರ್ ಕಿಟ್, ಕ್ರೋಮ್ ಪಟ್ಟಿ ಎಲ್ಲ ಸೇರಿ ನನ್ನಲ್ಲಿ ನಾಲ್ಕು ಗೋಣಿಚೀಲ ಆಗಿತ್ತು. ಇವನ್ನು ಬಿಡಿಬಿಡಿಯಾಗಿ ಮಾರುವ ಆಸೆ ಬೇಡ. 2002ರಲ್ಲೇ ತಯಾರಿಕೆ ನಿಂತ ಕಾರಲ್ವಾ, ಕೊಳ್ಳುವವರ ಕಣ್ಣು ಆ ಚೀಲಗಳ ಮೇಲೇ ಇರುತ್ತದೆ. ಪಟ್ಟಿ ಬರೆದು ಕಾರಿನ ಜೊತೆಗೇ ಕೊಡಿ. ನನ್ನ ಗಿರಾಕಿ ಚೌಕಾಸಿ ನಿಲ್ಲಿಸಿದ್ದು ಮೂರನೇ ಚೀಲ ಬಿಚ್ಚಿದಾಗ.

ಮಾರಲಿಕ್ಕೆ ಅಂತ ಪೇಂಟ್ ಹೊಡೆಸಬೇಡಿ. ತುಕ್ಕು ಮುಚ್ಚಿದ್ದಾರೆ ಅಂತಲೇ ಅಂದುಕೊಳ್ಳುತ್ತಾರೆ. ಬ್ರೇಕ್, ಬ್ಯಾಟರಿ ಸರಿ ಮಾಡಿಸಿ, ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗ ಅವರೆದುರೇ ಸ್ಟಾರ್ಟ್ ಮಾಡಿ ತೋರಿಸಿ.

ಕಾಗದಪತ್ರದಲ್ಲಿ ಮಾತ್ರ ಸೋಮಾರಿತನ ಬೇಡ. ಖಾಸಗಿ ಕಾರಿನ ಆರ್‌ಸಿ (ನೋಂದಣಿ ಪತ್ರ) 15 ವರ್ಷಕ್ಕೆ ಮುಗಿಯುತ್ತದೆ. ಆಮೇಲೆ ಐದೈದು ವರ್ಷಕ್ಕೆ ಫಾರಂ 25 ಹಾಕಿ ನವೀಕರಿಸಬೇಕು. ಜೀವ ಇರುವ ಆರ್‌ಸಿ ಇಲ್ಲದಿದ್ದರೆ ನಿಮ್ಮ ಕಾರು ಸುಮ್ನೆ ಕಬ್ಬಿಣ. ಮಾರುವಾಗ ಮಾಲೀಕತ್ವ ವರ್ಗಾವಣೆಯ ಫಾರಂ 29, 30 ಸಹಿ ಮಾಡಿ ಕೊಟ್ಟು ಮರೆತುಬಿಡಬೇಡಿ, ಹೆಸರು ಬದಲಾಗುವವರೆಗೂ ಬೆನ್ನು ಹತ್ತಿ. ನನ್ನ ಹಳೇ ಸ್ಕೂಟರಿನಲ್ಲಿ ಹೀಗೆ ಮರೆತು, ಎರಡು ವರ್ಷ ಯಾರದೋ ಹೆಲ್ಮೆಟ್ ದಂಡದ ನೋಟಿಸು ನನ್ನ ಮನೆಗೆ ಬರುತ್ತಿತ್ತು. ವಿಮೆಯ ನೋ ಕ್ಲೇಮ್ ಬೋನಸ್, ಅಂದರೆ ಕ್ಲೇಮ್ ಮಾಡದ್ದಕ್ಕೆ ಸಿಗುವ ರಿಯಾಯಿತಿ, ಕಾರಿನದ್ದಲ್ಲ, ನಿಮ್ಮದು. ವಿಮಾ ಕಂಪನಿಯಿಂದ ಪತ್ರ ಬರೆಸಿಕೊಂಡು ಹೊಸ ಕಾರಿನ ಪಾಲಿಸಿಗೆ ಹಾಕಿಸಿ.

ಇನ್ನು ಹೊಸದಾಗಿ ಬಂದ ಸ್ಕೋಡಾ ವಿಆರ್‌ಎಸ್. ಇಂಥ ಕಾರು ಕೊಳ್ಳುವಾಗ ಮೈಲೇಜ್ ಕೇಳಬೇಡಿ, ಸರ್ವಿಸ್ ಬಿಲ್ಲು ಕೇಳಿ. ಇದರ ಡಿಎಸ್‌ಜಿ (ಎರಡು ಕ್ಲಚ್ಚಿನ ಆಟೊಮ್ಯಾಟಿಕ್) ಗೇರ್‌ಬಾಕ್ಸಿನ ಆಯಿಲ್ 60,000 ಕಿ.ಮೀ.ಗೆ ಬದಲಾಗಬೇಕು. ಬದಲಾಗಿದ್ದಕ್ಕೆ ಬಿಲ್ಲಿಲ್ಲ ಅಂದರೆ ಬದಲಾಗಿಲ್ಲ ಅಂತಲೇ ಲೆಕ್ಕ. ಲಿಫ್ಟ್ ಮೇಲೆ ಹಾಕಿಸಿ, ಹಂಪ್‌ಗಳಿಗೆ ಉಜ್ಜಿದ ಗುರುತು ನೋಡಿ. ವಾಟರ್ ಪಂಪ್ ಹತ್ತಿರ ಕೂಲೆಂಟ್ ಒಣಗಿದ ಕಲೆ ಇದೆಯಾ ಅಂತ ಟಾರ್ಚ್ ಬಿಡಿ. 230 ಕುದುರೆಬಲ ಸಾಲದು ಅಂತ ಎಂಜಿನ್ ಟ್ಯೂನ್ ಮಾಡಿಸಿ ಶಕ್ತಿ ಏರಿಸಿಕೊಂಡವರೂ ಇದ್ದಾರೆ. ಅದನ್ನು ನೇರವಾಗಿ ಕೇಳಿ, ಉತ್ತರಕ್ಕಿಂತ ಮುಖ ನೋಡಿ.

ಕಾಂಟೆಸ್ಸಾ ಜೊತೆ ಸ್ಪ್ಯಾನರ್ ಸೆಟ್ ಮಾತ್ರ ನಾನು ಕೊಡಲಿಲ್ಲ. ಆದರೆ ಈ ಸ್ಕೋಡಾದಲ್ಲಿ ಅರ್ಧಕ್ಕರ್ಧ ಬೋಲ್ಟಿಗೆ ಟಾರ್ಕ್ಸ್, ಅಂದರೆ ನಕ್ಷತ್ರದ ತುದಿಯ ಬಿಟ್ ಬೇಕೇ ಬೇಕು. ಅದನ್ನು ತರಲು ಮತ್ತೆ ಜೆ.ಸಿ. ರಸ್ತೆಗೆ ಹೋದೆ. ಬರುವಾಗ ಕೈಯಲ್ಲಿ ಒಂದು ಚೀಲ ಇತ್ತು.