ನಾಯಿ ಇದ್ದವರಿಗೆ ಮೇಲಿನ ಮನೆ ಬಾಡಿಗೆ ಕೊಟ್ಟೆ: ನನ್ನ ಅನುಭವ

ಬೆಂಗಳೂರಿನ ವಿಜಯನಗರದಲ್ಲಿ ನಮ್ಮ ಮನೆ. ಕೆಳಗೆ ನಾವಿದ್ದೇವೆ, ಮೇಲಿನದು ಎರಡು ಬೆಡ್‌ರೂಮಿನ ಬಾಡಿಗೆ ಮನೆ. ಮೊದಲ ಸಲ ನಾಯಿ ಇದ್ದವರಿಗೆ ಕೊಟ್ಟಾಗ ನಾನು ಮಾಡಿದ್ದು ಒಂದೇ ಕೆಲಸ, ಅಡ್ವಾನ್ಸ್ ಸ್ವಲ್ಪ ಜಾಸ್ತಿ ತೆಗೆದುಕೊಂಡೆ. ಅವರು ಮಾರ್ಚ್‌ನಲ್ಲಿ ಖಾಲಿ ಮಾಡಿದರು. ಹೋಗಿ ನೋಡಿದೆ, ಬಾಗಿಲ ಮೇಲೆ ನಾಲ್ಕು ಗೀರು ಬಿಟ್ಟರೆ ಎಲ್ಲ ಸರಿಯಾಗಿತ್ತು. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆ ಹಿಡಿದುಕೊಂಡು ಉಳಿದ ದುಡ್ಡು ವಾಪಸ್ ಕೊಟ್ಟೆ. ಮೇ ತಿಂಗಳಲ್ಲಿ ಜೋರು ಮಳೆ ಬಂತು ನೋಡಿ, ಎರಡೇ ದಿನಕ್ಕೆ ಹಿಂದಿನ ರೂಮಿನಿಂದ ಉಚ್ಚೆ ವಾಸನೆ ಏಳಲು ಶುರುವಾಯಿತು.

ಇದು ಹೇಗೆ ಅಂತ ಆಮೇಲೆ ಗೊತ್ತಾಯಿತು. ಉಚ್ಚೆಯಲ್ಲಿ ಯೂರಿಕ್ ಆಸಿಡ್ ಇರುತ್ತದೆ. ಅದು ಟೈಲ್ಸ್ ಸಂದಿಯ ಸಿಮೆಂಟಿಗೆ ಇಳಿದು ಹರಳುಗಟ್ಟಿ ಕೂರುತ್ತದೆ, ನೀರು ಸೋಪು ಹಾಕಿ ಎಷ್ಟು ಉಜ್ಜಿದರೂ ಸುಲಭಕ್ಕೆ ಕರಗುವುದಿಲ್ಲ. ಬಿಸಿಲುಗಾಲದಲ್ಲಿ ಒಣಗಿ ಸುಮ್ನೆ ಇರುತ್ತದೆ, ಹವೆಯಲ್ಲಿ ತೇವ ಬಂದ ಕೂಡಲೇ ವಾಸನೆ ಬಿಡುತ್ತದೆ. ನಾನು ನಾಲ್ಕು ಸಲ ಫಿನೈಲ್ ಹಾಕಿಸಿದೆ. ಒಂದೊಂದು ಸಲವೂ ಸಂಜೆವರೆಗೆ ಫಿನೈಲ್ ವಾಸನೆ, ಬೆಳಿಗ್ಗೆ ಮತ್ತೆ ಅದೇ. ಕೊನೆಗೆ ಸಾಕುಪ್ರಾಣಿಗಳ ಅಂಗಡಿಯಲ್ಲಿ ಸಿಗುವ, ಉಚ್ಚೆಯ ಅಂಶವನ್ನೇ ಒಡೆದುಹಾಕುವ ಎನ್‌ಜೈಮ್ ಕ್ಲೀನರ್ ತಂದೆ. ಅದನ್ನು ಹಾಕಿದ ಕೂಡಲೇ ಒರೆಸಬಾರದು. ಸಂದಿ ನೆನೆಯುವಷ್ಟು ಸುರಿದು, ಮೇಲೆ ಒದ್ದೆ ಬಟ್ಟೆ ಹಾಸಿ, ರಾತ್ರಿಯೆಲ್ಲ ಬಿಟ್ಟು, ತಾನಾಗಿ ಒಣಗಲು ಬಿಡಬೇಕು. ಮೂರು ಸಲ ಹೀಗೆ ಮಾಡಿದ ಮೇಲೆ ಹೆಚ್ಚಿನ ವಾಸನೆ ಹೋಯಿತು. ಒಂದು ಮೂಲೆಯಲ್ಲಿ ಮಾತ್ರ ಹೋಗಲಿಲ್ಲ, ಅಲ್ಲಿ ಸಂದಿಯ ಸಿಮೆಂಟ್ ಕೆರೆಸಿ ಎಪಾಕ್ಸಿ ಅನ್ನುವ ಗಟ್ಟಿಯಾಗುವ ಅಂಟು ತುಂಬಿಸಿದೆ. ಅದು ನೀರು ಕುಡಿಯುವುದಿಲ್ಲ. ಅಮೋನಿಯಾ ಇರುವ ಕ್ಲೀನರ್ ಮಾತ್ರ ಬಳಸಬೇಡಿ, ಅದರ ವಾಸನೆ ಉಚ್ಚೆಯ ಹಾಗೇ ಇರುವುದರಿಂದ ನಾಯಿ ಅದೇ ಜಾಗಕ್ಕೆ ಮತ್ತೆ ಹೋಗುತ್ತದೆ. ಬಾತ್‌ರೂಮ್ ತೊಳೆಯುವ ಆಸಿಡ್ ಕೂಡ ಬೇಡ, ಸಂದಿಯ ಸಿಮೆಂಟನ್ನೇ ತಿಂದು ಹಾಕುತ್ತದೆ. ಮಾರ್ಬಲ್ ನೆಲವಾದರೆ ಹೊಳಪೂ ಹೋಗುತ್ತದೆ.

ಆ ನಾಯಿಯದೇನೂ ತಪ್ಪಿರಲಿಲ್ಲ. ಮನೆಯವರಿಬ್ಬರೂ ಬೆಳಿಗ್ಗೆ ಆಫೀಸಿಗೆ ಹೋದರೆ ರಾತ್ರಿಯೇ ಬರುತ್ತಿದ್ದುದು. ಹತ್ತು ಗಂಟೆ ಒಂದೇ ರೂಮಿನಲ್ಲಿ ಕೂಡಿಹಾಕಿದರೆ ಪಾಪ ಅದು ಏನು ಮಾಡಬೇಕು? ಇದನ್ನು ನಾನು ಮೊದಲೇ ಕೇಳಬೇಕಿತ್ತು.

ನಮ್ಮವರು ಇನ್ನು ನಾಯಿಯವರೇ ಬೇಡ ಅಂದರು. ನನಗೆ ಅದು ಸರಿ ಅನ್ನಿಸಲಿಲ್ಲ. ಬೇಡ ಅಂದರೆ ಜನ ಮುಚ್ಚಿಟ್ಟು ತರುತ್ತಾರೆ, ಆಗ ನಮಗೆ ಏನೂ ಗೊತ್ತಾಗುವುದಿಲ್ಲ. ಮುಂದಿನ ವರ್ಷ ಮನೆ ಕೇಳಿಕೊಂಡು ಬಂದ ಹುಡುಗಿ, "ಆಂಟಿ, ನಾಯಿ ಇದೆ ಅಂತ ಎಲ್ಲರೂ ಬೇಡ ಅಂತಿದ್ದಾರೆ" ಅಂದಳು. "ಮೊದಲು ನಾಯೀನ ಒಂದ್ಸಲ ಕರ್ಕೊಂಡು ಬಾರಮ್ಮ, ನೋಡೋಣ" ಅಂದೆ. ಭಾನುವಾರ ಗಂಡ ಹೆಂಡತಿ ನಾಯಿ ಜೊತೆ ಬಂದರು. ನಾಲ್ಕು ವರ್ಷದ ಬೀದಿ ತಳಿಯ ಹೆಣ್ಣು ನಾಯಿ, ಮರಿಯಾಗದ ಹಾಗೆ ಆಪರೇಷನ್ ಆಗಿತ್ತು. ಅರ್ಧ ಗಂಟೆ ಕೂತು ಮಾತಾಡಿದೆವು. ದಿನಕ್ಕೆ ಎಷ್ಟು ಸಲ ಹೊರಗೆ ಕರೆದುಕೊಂಡು ಹೋಗುತ್ತೀರಿ, ಒಂಟಿಯಾಗಿ ಎಷ್ಟು ಹೊತ್ತು ಇರುತ್ತದೆ, ನೀವು ಊರಿಗೆ ಹೋದರೆ ಯಾರು ನೋಡಿಕೊಳ್ಳುತ್ತಾರೆ, ಎಲ್ಲ ಕೇಳಿದೆ. ಲಸಿಕೆ ಪುಸ್ತಕ ನೋಡಿದೆ, ರೇಬೀಸ್ ಚುಚ್ಚುಮದ್ದು ವರ್ಷ ತಪ್ಪದೆ ಹಾಕಿಸಿದ್ದರು. ನಾನು ನಾಯಿಯ ತಳಿ ನೋಡುವುದಿಲ್ಲ, ವಯಸ್ಸು ನೋಡುತ್ತೇನೆ. ಆರು ತಿಂಗಳೊಳಗಿನ ಮರಿಗೆ ಹಲ್ಲು ಬರುವ ಕಾಲ, ಬಾಗಿಲ ಚೌಕಟ್ಟನ್ನೂ ಬಿಡುವುದಿಲ್ಲ.

ಅವರು ಬರುವ ಮುಂಚೆ ಮನೆಯನ್ನೂ ತಯಾರು ಮಾಡಿದೆ. ಗೋಡೆಗೆ ಡಿಸ್ಟೆಂಪರ್ ಬಣ್ಣ ಇದ್ದ ಕಡೆ ತೊಳೆಯಬಹುದಾದ ಎಮಲ್ಷನ್ ಪೇಂಟ್ ಹೊಡೆಸಿದೆ. ತೇಗದ ಬಾಗಿಲಿನ ಕೆಳಭಾಗಕ್ಕೆ, ಒಳಗಡೆಯಿಂದ, ಮೂರು ಅಡಿ ಎತ್ತರಕ್ಕೆ ಅಕ್ರಿಲಿಕ್ ಹಾಳೆ ಸ್ಕ್ರೂ ಹಾಕಿ ಕೂರಿಸಿದೆ. ನಾಯಿ ಕಾಲಿಟ್ಟು ಕೆರೆಯುವುದು ಅಲ್ಲೇ ಅಲ್ವಾ? ಸೊಳ್ಳೆ ಮೆಶ್ ಬಾಗಿಲಿಗೆ ನೈಲಾನ್ ತೆಗೆಸಿ ಸ್ಟೀಲ್ ಜಾಲರಿ ಹಾಕಿಸಿದೆ. ಬಾತ್‌ರೂಮಿನ ನೀರು ಹೋಗುವ ಕಡೆ ಕೂದಲು ಹಿಡಿಯುವ ಸಣ್ಣ ಜಾಲಿ ಇಟ್ಟೆ, ಇಲ್ಲದಿದ್ದರೆ ಸ್ನಾನ ಮಾಡಿಸಿದಾಗಲೆಲ್ಲ ಪೈಪ್ ಕಟ್ಟಿಕೊಳ್ಳುತ್ತದೆ. ಗೋಡೆಯ ಬಿರುಕುಗಳನ್ನೂ ಮುಚ್ಚಿಸಿದೆ. ಉಣ್ಣಿ ನಾಯಿ ಮೈಮೇಲಷ್ಟೇ ಇರುವುದಿಲ್ಲ, ಕೆಳಗಿಳಿದು ಇಂಥ ಬಿರುಕುಗಳಲ್ಲಿ ಸಾವಿರಗಟ್ಟಲೆ ಮೊಟ್ಟೆ ಇಡುತ್ತದೆ. ನಾಯಿಗೆ ಔಷಧಿ ಹಾಕಿ ಮನೆಯನ್ನು ಹಾಗೇ ಬಿಟ್ಟರೆ ಮತ್ತೆ ಹತ್ತುತ್ತದೆ.

ಕೀ ಕೊಡುವ ದಿನ ಇಬ್ಬರೂ ಸೇರಿ ಮೊಬೈಲ್‌ನಲ್ಲಿ ಪ್ರತಿ ರೂಮಿನ ವಿಡಿಯೋ ಮಾಡಿದೆವು. ಇದ್ದ ಗೀರು, ಒಡೆದ ಟೈಲ್ಸ್ ಎಲ್ಲ ಅದರಲ್ಲಿದೆ. ವಾಟ್ಸಾಪ್‌ನಲ್ಲಿ ಅವರಿಗೂ ಕಳಿಸಿದೆ.

ಹನ್ನೊಂದು ತಿಂಗಳ ಅಗ್ರಿಮೆಂಟಿನಲ್ಲಿ ನಾಯಿಯ ವಿಷಯ ಬೇರೆಯಾಗಿ ಬರೆಸಿದೆ. ಒಂದೇ ನಾಯಿ, ಇನ್ನೊಂದು ತರುವುದಾದರೆ ಮೊದಲು ಕೇಳಬೇಕು. ಪಾಲಿಕೆಯ ಲೈಸೆನ್ಸ್ ಮತ್ತು ಲಸಿಕೆ ಅವರ ಜವಾಬ್ದಾರಿ. ಮೂರು ತಿಂಗಳಿಗೊಮ್ಮೆ ಮೊದಲೇ ಹೇಳಿ ಬಂದು ಮನೆ ನೋಡುತ್ತೇನೆ. ಹಾನಿಯಾದರೆ ರಿಪೇರಿಯ ಬಿಲ್ ಎಷ್ಟೋ ಅಷ್ಟೇ ಹಿಡಿಯುತ್ತೇನೆ. ನಾಯಿಗೆ ಅಂತ ಜಾಸ್ತಿ ಅಡ್ವಾನ್ಸ್ ಕೇಳಲಿಲ್ಲ. ಮೊದಲ ಸಲ ಅಷ್ಟು ದುಡ್ಡು ಕೈಯಲ್ಲಿದ್ದೂ ಅದರಿಂದ ಏನೂ ಉಪಯೋಗವಾಗಲಿಲ್ಲವಲ್ಲ. ನಿಮ್ಮದು ಅಪಾರ್ಟ್‌ಮೆಂಟ್ ಆದರೆ ಒಂದು ವಿಷಯ ತಿಳಿದಿರಲಿ. ಸಂಘದವರು ನಾಯಿ ಸಾಕುವುದನ್ನೇ ನಿಷೇಧಿಸುವಂತಿಲ್ಲ ಅಂತ ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಮಾರ್ಗಸೂಚಿ ಕೊಟ್ಟಿದೆ.

ಎರಡು ವರ್ಷ ಇದ್ದು ಅವರು ಹೋದರು. ಈ ಸಲ ನಾನು ಕಣ್ಣಳತೆಯಲ್ಲಿ ನೋಡಿ ಬಿಡಲಿಲ್ಲ. ರಾತ್ರಿ ಲೈಟ್ ಆರಿಸಿ ಯುವಿ (ನೇರಳಾತೀತ ಬೆಳಕಿನ) ಟಾರ್ಚ್ ಹಿಡಿದು ಮೂಲೆಮೂಲೆ ನೋಡಿದೆ, ಉಚ್ಚೆ ಕಲೆ ಇದ್ದರೆ ಅದರಲ್ಲಿ ಹೊಳೆಯುತ್ತದೆ. ಬಾಲ್ಕನಿ ಬಾಗಿಲ ಹತ್ತಿರ ಒಂದೇ ಒಂದು ಕಡೆ ಕಂಡಿತು, ಎನ್‌ಜೈಮ್ ಹಾಕಿ ಅವರೇ ತೊಳೆದುಕೊಟ್ಟರು. ಅಕ್ರಿಲಿಕ್ ಹಾಳೆ ತುಂಬ ಗೀರು, ಅದರ ಹಿಂದಿನ ತೇಗ ಹೊಸದರ ಹಾಗೇ ಇತ್ತು. ಹಾಳೆ ಬದಲಾಯಿಸಿದ ಬಿಲ್ ತೋರಿಸಿ ಅಷ್ಟು ಹಿಡಿದುಕೊಂಡೆ. ಈಗ ಮೇಲೆ ಎರಡು ಬೆಕ್ಕು ಇರುವವರು ಬಂದಿದ್ದಾರೆ. ಬಾಲ್ಕನಿಗೆ ಬಲೆ ಕಟ್ಟಿಸಿದ್ದೇನೆ, ನೆಲ ಒರೆಸಲು ಫಿನೈಲ್ ನಿಲ್ಲಿಸಿಬಿಟ್ಟಿದ್ದೇವೆ. ಬೆಕ್ಕಿನ ಮೈಗೆ ಅದು ವಿಷ.