ಗುಜರಿ ಡ್ರಮ್ಮಿನಲ್ಲಿ ಗಗನಯಾನಿಯ ತರಬೇತಿ: ನನ್ನ ಅನುಭವ

ಕೊನೆಗೂ ಆಯ್ತು. ಸ್ಪೇಸ್‌ಸೂಟ್ ಹಾಕಿಕೊಂಡು ನಟ್ಟು ಬಿಗಿಯುವ ಕಷ್ಟ ಎಂಥದ್ದು ಅಂತ ಬಳ್ಳಾರಿಯ ನಮ್ಮ ಹೈಸ್ಕೂಲಿನ ಮಕ್ಕಳು ಈಗ ಲ್ಯಾಬಿನಲ್ಲೇ ಕಂಡುಕೊಳ್ಳುತ್ತಿದ್ದಾರೆ. "ಇದೆಲ್ಲ ಬೆಂಗಳೂರಲ್ಲಿ ಆಗೋ ಕೆಲಸ ಸಾರ್, ಸುಮ್ನೆ ದುಡ್ಡು ದಂಡ" ಅಂದಿದ್ದ ಮೇಷ್ಟ್ರುಗಳೂ ಬಂದು ಕೈ ಹಾಕಿ ನೋಡಿದ್ದಾರೆ.

2025ರಲ್ಲಿ ಶುಭಾಂಶು ಶುಕ್ಲಾ ಬಾಹ್ಯಾಕಾಶ ನಿಲ್ದಾಣಕ್ಕೆ ಹೋಗಿ ಬಂದಾಗಿನಿಂದ ಮಕ್ಕಳದ್ದು ಒಂದೇ ಪ್ರಶ್ನೆ, ಗಗನಯಾನಿ ಆಗಲು ಏನು ಓದಬೇಕು? ಓದಿನ ಉತ್ತರ ನಿಮಗೆಲ್ಲ ಗೊತ್ತು. ನನಗೆ ಕೈಕೆಲಸ ತೋರಿಸಬೇಕಿತ್ತು. ನಾಸಾದ ಸೂಟಿನೊಳಗೆ ಸುಮಾರು 4.3 ಪಿಎಸ್ಐ (ಚದರ ಇಂಚಿಗೆ ಇಷ್ಟು ಪೌಂಡ್ ಅನ್ನೋ ಲೆಕ್ಕ) ಒತ್ತಡ ಇರುತ್ತದೆ, ಹೊರಗೆ ಏನೂ ಇಲ್ಲ. ಗ್ಲೌಸು ಉಬ್ಬಿ ಸೆಟೆದುಕೊಳ್ಳುತ್ತದೆ. ಸುನೀತಾ ವಿಲಿಯಮ್ಸ್ ಅಂಥ ಗ್ಲೌಸಿನಲ್ಲೇ ಒಂಬತ್ತು ಸಲ ಹೊರಗಿಳಿದು ಒಟ್ಟು 62 ಗಂಟೆ ದುಡಿದಿದ್ದಾರೆ.

ಮುಚ್ಚಿದ ಡಬ್ಬಿಗೆ ಹೊರಗಿನಿಂದ ಕೈ ಹಾಕುವಂತೆ ಗ್ಲೌಸು ಕೂರಿಸಿ, ಒಳಗಿನ ಗಾಳಿಯನ್ನು ವ್ಯಾಕ್ಯೂಮ್ ಕ್ಲೀನರ್‌ನಿಂದ ಎಳೆದರೆ ಗ್ಲೌಸು ಹೆಚ್ಚುಕಡಿಮೆ ಹಾಗೆಯೇ ಸೆಟೆದುಕೊಳ್ಳುತ್ತದೆ. ಮೊದಲು ಪ್ಲೈವುಡ್ ಪೆಟ್ಟಿಗೆ ಮಾಡಿಸಿದೆ. ಮೂಲೆಮೂಲೆಯಲ್ಲೂ ಸೋರಿಕೆ. ಸೋರಿಕೆ ನಿಲ್ಲಿಸಿದ ದಿನ ಮೇಲಿನ ತೆಳು ಅಕ್ರಿಲಿಕ್ ಶೀಟು ಒಳಕ್ಕೆ ಬಾಗಿ ಚಟ್ ಅಂತ ಸೀಳಿತು. ಎರಡು ಸಾವಿರ ಚಿಲ್ಲರೆ ಅಲ್ಲಿಗೆ ಮುಗೀತು. ಮನೆಯಲ್ಲಿ ಮಾತು ಕೇಳಬೇಕಾಯಿತು, ಬಿಡಿ.

ಆಮೇಲೆ ಗುಜರಿಯಿಂದ ಅಡುಗೆ ಎಣ್ಣೆಯ ಕಬ್ಬಿಣದ ಡ್ರಮ್ ತಂದೆ, ಆರೇಳು ನೂರು ಇರಬೇಕು. ದುಂಡಗಿನದು ಒತ್ತಡ ತಡೆಯುತ್ತದೆ. ಅಡ್ಡ ಮಲಗಿಸಿ, ಪಕ್ಕದಲ್ಲಿ ಎರಡು ತೂತು ಕೊರೆಸಿ, ಪಿವಿಸಿ ಪೈಪಿನ ತುಂಡು ಕೂರಿಸಿ ಎಂ-ಸೀಲ್ ಮೆತ್ತಿದೆ. ಮೇಲೆ ಅಂಗೈಯಗಲದ ದಪ್ಪ ಅಕ್ರಿಲಿಕ್ ಕಿಟಕಿ. ನಮ್ಮೂರಲ್ಲಿ ಜೀನ್ಸ್ ವಾಶಿಂಗ್ ಮಾಡುವವರು ಹಾಕುವಂಥ ಮೊಣಕೈವರೆಗಿನ ರಬ್ಬರ್ ಗ್ಲೌಸನ್ನು ಪೈಪಿಗೆ ಹೋಸ್ ಕ್ಲಿಪ್ಪಿನಿಂದ ಬಿಗಿದೆ. ಗ್ಲೌಸು ಪದೇಪದೇ ಕಳಚಿಕೊಳ್ಳುತ್ತಿತ್ತು. ಕ್ಲಿಪ್ಪಿನ ಅಡಿ ಏನು ಸುತ್ತಿದೆ ಅನ್ನೋದನ್ನು ಮಾತ್ರ ಈಗಲೇ ಹೇಳಲ್ಲ.

ಬರಿಗೈಯಲ್ಲಿ ಅರ್ಧ ನಿಮಿಷದ ನಟ್ಟಿಗೆ ಡ್ರಮ್ಮಿನಲ್ಲಿ ನಾಲ್ಕೈದು ನಿಮಿಷ ಬೇಕು. ಒಬ್ಬರು ಚೆಕ್‌ಲಿಸ್ಟ್ ಓದುತ್ತಾರೆ, ಇನ್ನೊಬ್ಬರು ಅದನ್ನು ತಿರುಗಿ ಹೇಳಿಯೇ ಕೈ ಆಡಿಸಬೇಕು. ಫಸ್ಟ್ ರ‍್ಯಾಂಕಿನ ಹುಡುಗರು ಬೆರಳ ತುದಿಯಲ್ಲಿ ಹಿಡಿದು ಹಿಡಿದು ಸೋತರು. ಬೋರ್‌ವೆಲ್ ಮೋಟಾರ್ ರಿಪೇರಿಯವರ ಮಗಳೊಬ್ಬಳು ಸ್ಪ್ಯಾನರನ್ನು ಅಂಗೈಗೆ ಆನಿಸಿ, ಕಾಲು ಸುತ್ತು ತಿರುಗಿಸಿ, ಬೆರಳು ಸಡಿಲ ಬಿಟ್ಟು, ಮತ್ತೆ ತಿರುಗಿಸಿ ಮುಗಿಸಿಯೇಬಿಟ್ಟಳು. ನನ್ನ ಮಟ್ಟಿಗೆ ಗಗನಯಾನಿಗೆ ಬೇಕಾದ್ದು ಆ ತಾಳ್ಮೆಯೇ.

ನಡುವೆ ಮೆಂತ್ಯದ ಹುಚ್ಚೂ ಹಿಡಿಯಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯದ ಪ್ರಯೋಗಕ್ಕಾಗಿ ಶುಕ್ಲಾ ಬಾಹ್ಯಾಕಾಶ ನಿಲ್ದಾಣದಲ್ಲಿ ಮೆಂತ್ಯ, ಹೆಸರುಕಾಳು ಮೊಳಕೆ ಬರಿಸಿದ್ದರಲ್ವಾ? ಭೂಮಿಯ ಸೆಳೆತ ಯಾವ ಕಡೆ ಅಂತ ಬೇರಿಗೆ ಗೊತ್ತಾಗದಿರಲಿ ಅಂತ, ಮೆಂತ್ಯದ ಡಬ್ಬಿಯನ್ನು ಹಳೇ ಮೈಕ್ರೋವೇವ್‌ನ ತಟ್ಟೆ ತಿರುಗಿಸುವ ಮೋಟಾರಿಗೆ ಕಟ್ಟಿ ಅಡ್ಡಲಾಗಿ ತಿರುಗಿಸಿದೆ. ಬೇರು ದಿಕ್ಕು ತಪ್ಪಿ ಅತ್ತಿತ್ತ ಹೊರಟಿತು.

ಸೆಕೆಂಡ್ ಹ್ಯಾಂಡ್ ಕ್ಲೀನರ್ ಸೇರಿ ಡ್ರಮ್ಮಿಗೆ ಒಟ್ಟು ನಾಲ್ಕು ಸಾವಿರದ ಆಸುಪಾಸು ಆಗಿರಬಹುದು. ಗಾಳಿ ಸಿಗದೆ ಕ್ಲೀನರ್ ಬೇಗ ಕಾಯುತ್ತದೆ, ಐದು ನಿಮಿಷಕ್ಕೊಮ್ಮೆ ಆರಿಸಿ. ಪೆಟ್ರೋಲ್, ಕೆಮಿಕಲ್ ತುಂಬಿದ್ದ ಡ್ರಮ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಮುಟ್ಟಬೇಡಿ.