ದಿವಾಳಿಗೆ ಹೋದ ಕಂಪನಿಗೆ ಮಾಲು ಕೊಟ್ಟೆ, ದುಡ್ಡೂ ಬಂತು: ನನ್ನ ಅನುಭವ

ಗಿರಾಕಿ ಕಂಪನಿ ಎನ್‌ಸಿಎಲ್‌ಟಿಗೆ (ಕಂಪನಿಗಳ ದಿವಾಳಿ ಕೇಸು ನಡೆಸುವ ನ್ಯಾಯಮಂಡಳಿ) ಹೋದ ಮೇಲೆ ಒಂದು ಬಾಕ್ಸನ್ನೂ ಕಳಿಸಬೇಡ ಎಂದು ಪುಣೆಯ ಭೋಸರಿ ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ಕನ್ನಡದವರೆಲ್ಲ ಹೇಳಿದ್ದರು. ನಾನು ಕಳಿಸಿದೆ. ಹನ್ನೊಂದು ತಿಂಗಳಲ್ಲಿ ಹತ್ತಿರಹತ್ತಿರ 38 ಲಕ್ಷದ ರಟ್ಟಿನ ಬಾಕ್ಸು, ಒಂದು ರೂಪಾಯಿಯೂ ಮುಳುಗಲಿಲ್ಲ. ಸಿಟ್ಟಿನಿಂದ ಮಾಲು ನಿಲ್ಲಿಸಿದವರಿಗೆ ಹಳೇ ಬಾಕಿಯ ಚೂರು ಮಾತ್ರ ಸಿಕ್ಕಿತು.

ಲೆಕ್ಕವೆಲ್ಲ ದಿವಾಳಿ ಅರ್ಜಿ ಎನ್‌ಸಿಎಲ್‌ಟಿಯಲ್ಲಿ ಅಡ್ಮಿಟ್ ಆದ ತಾರೀಕಿನ ಮೇಲೆ ನಿಂತಿದೆ. ಅದಕ್ಕೆ ಹಿಂದಿನ ಬಿಲ್ಲುಗಳು ಫಾರ್ಮ್ ಬಿ (ಮಾಲು ಕೊಟ್ಟವರು ಹಳೇ ಬಾಕಿ ಕೇಳುವ ಅರ್ಜಿ) ಕ್ಲೇಮಿಗೆ ಹೋಗಿ ಬ್ಯಾಂಕುಗಳ ಹಿಂದೆ ಸಾಲು ನಿಲ್ಲುತ್ತವೆ. ಆಮೇಲೆ ಆರ್‌ಪಿ (ದಿವಾಳಿ ಪ್ರಕ್ರಿಯೆಯಲ್ಲಿ ಕಂಪನಿ ನಡೆಸುವ ರೆಸಲ್ಯೂಶನ್ ಪ್ರೊಫೆಷನಲ್) ತರಿಸಿಕೊಂಡ ಮಾಲು ದಿವಾಳಿ ಪ್ರಕ್ರಿಯೆಯ ಖರ್ಚು, ಬ್ಯಾಂಕಿಗಿಂತ ಮೊದಲು ಪೂರ್ತಿ ಸಲ್ಲಬೇಕು. ಕಂಪನಿ ಲಿಕ್ವಿಡೇಶನ್‌ಗೆ (ಆಸ್ತಿ ಮಾರಿ ಮುಚ್ಚುವುದು) ಹೋದರೂ ದಿವಾಳಿ ಕಾಯ್ದೆಯ 53ನೇ ಸೆಕ್ಷನ್‌ನಲ್ಲಿ ಮೊದಲ ಜಾಗ ಅದಕ್ಕೇ.

ಹಳೇ ಪಿಓ (ಪರ್ಚೇಸ್ ಆರ್ಡರ್) ಮೇಲೆ ಮಾಲು ಬಿಡಲೇಬೇಡಿ. ಆರ್‌ಪಿ ಸಹಿ, ನೋಂದಣಿ ಸಂಖ್ಯೆ, ಸೀಲು ಇರುವ ಹೊಸ ಪಿಓ ಬೇಕು; ಇದು ಪ್ರಕ್ರಿಯೆಯ ಖರ್ಚು ಎಂಬ ಸಾಲು ಅದರಲ್ಲೇ ಇರಬೇಕು. ಪರ್ಚೇಸ್ ಮ್ಯಾನೇಜರ್ ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕಿಲ್ಲ. ನಾನು ಅರ್ಧ ಅಡ್ವಾನ್ಸ್, ಉಳಿದದ್ದು ಏಳು ದಿನಕ್ಕೆ ಎಂದು ಒಪ್ಪಿಸಿದೆ. ಆ ಅಡ್ವಾನ್ಸನ್ನು ಹೇಗೆ ಕೇಳಿದೆ ಎಂಬುದು ನನ್ನಲ್ಲೇ ಇರಲಿ.

ಎರಡು ಕಡೆ ಎಡವಿದೆ. ಕಂಪನಿಯ ಹಳೇ ರಿಟರ್ನ್‌ಗಳು ಬಾಕಿ ಇದ್ದವು, ಹಾಗಾಗಿ ಆರ್‌ಪಿ ಹೊಸ ಜಿಎಸ್‌ಟಿ ನಂಬರ್ ತೆಗೆಸಿದ್ದರು. ನಾನು ಮೊದಲ ಮೂರು ಬಿಲ್ಲನ್ನು ಹಳೇ ನಂಬರಿಗೆ ಹಾಕಿದ್ದೆ. ಕ್ರೆಡಿಟ್ ನೋಟ್ ಮಾಡಿ ಮತ್ತೆ ಬಿಲ್ ಹಾಕುವಷ್ಟರಲ್ಲಿ ಮೂರು ವಾರ ಹೋಯಿತು. ಎರಡನೆಯದು ಲೆಕ್ಕ ಬರೆಯುವ ಟ್ಯಾಲಿ ಸಾಫ್ಟ್‌ವೇರಿನಲ್ಲಿ. ಬಂದ ಮೊದಲ ದುಡ್ಡನ್ನು ನಮ್ಮ ಹುಡುಗ ಅಭ್ಯಾಸದಂತೆ ಅತಿ ಹಳೇ ಬಿಲ್ಲಿಗೆ ಜಮಾ ಮಾಡಿದ. ಮೊರಟೋರಿಯಂನಲ್ಲಿ (ಹಳೇ ಬಾಕಿ ವಸೂಲಿಗೆ ತಡೆ ಇರುವ ಅವಧಿ) ಅದು ನಡೆಯುವುದಿಲ್ಲ. ಹಳೇ ಬಾಕಿಗೆ ಹೊಸ ದುಡ್ಡು ವಜಾ ಹಾಕುವಂತಿಲ್ಲ. ಲೆಡ್ಜರ್ ನೋಡಿ ಆರ್‌ಪಿ ಕಡೆಯವರು ಮುಂದಿನ ಪಾವತಿ ತಡೆದರು. ಆಗ ಅದೇ ಪಾರ್ಟಿಗೆ ಎರಡನೇ ಲೆಡ್ಜರ್ ತೆರೆದೆ: ಹಳೆಯದನ್ನು ಅಡ್ಮಿಟ್ ಆದ ದಿನಕ್ಕೆ ಮುಚ್ಚಿ, ಹೊಸದನ್ನು ಸೊನ್ನೆಯಿಂದ ಶುರು ಮಾಡಿದೆ. ಆಮೇಲೆ ತಕರಾರು ಬರಲಿಲ್ಲ.

ಹಳೇ ಬಾಕಿ ಹದಿನಾಲ್ಕು ಲಕ್ಷದ ಆಸುಪಾಸು. ಫಾರ್ಮ್ ಬಿಗೆ ಫೀ ಇಲ್ಲ. ದಿವಾಳಿ ಪ್ರಕ್ರಿಯೆಯ ಸಾರ್ವಜನಿಕ ಪ್ರಕಟಣೆಯಲ್ಲಿ ಕೊಟ್ಟ ಗಡುವಿನೊಳಗೆ ಬಿಲ್ಲು, ಗೇಟ್ ಸೀಲಿರುವ ಚಲನ್, ಬ್ಯಾಂಕ್ ಸ್ಟೇಟ್‌ಮೆಂಟ್ ಸೇರಿಸಿ ಮೇಲ್ ಮಾಡಿದರಾಯಿತು. ಅಸಲು ಪೂರ್ತಿ ಒಪ್ಪಿದರು. ಬಡ್ಡಿಯಲ್ಲಿ ನಮ್ಮ ಉದ್ಯಮ್ (ಸಣ್ಣ ಉದ್ದಿಮೆಗಳ ಸರ್ಕಾರಿ) ನೋಂದಣಿಗೆ ಮುಂಚಿನ ಬಿಲ್ಲುಗಳದ್ದನ್ನು ಕಿತ್ತುಹಾಕಿದರು. ಕೊನೆಗೆ ರೆಸಲ್ಯೂಶನ್ ಪ್ಲಾನಿನಲ್ಲಿ (ಕಂಪನಿ ಉಳಿಸಿ ಸಾಲ ತೀರಿಸುವ ಯೋಜನೆ) ಕೈಗೆ ಬಂದದ್ದು ರೂಪಾಯಿಗೆ ಒಂಬತ್ತು ಪೈಸೆಯಂತೆ ಸುಮಾರು ಒಂದೂಕಾಲು ಲಕ್ಷ, ಅದೂ ಎರಡು ವರ್ಷ ಕಾದ ಮೇಲೆ. ಹೊಸ ಮಾಲಿನಲ್ಲಿ ಲಾಭವಾಗಿ ಉಳಿದದ್ದು ಮೂರೂವರೆ ಲಕ್ಷ.

ಇದರ ನಡುವೆ, ಇನ್ನೂ ಚೆನ್ನಾಗಿಯೇ ಓಡುತ್ತಿದ್ದ ಪುಣೆ ಹತ್ತಿರದ ಚಾಕಣದ ಇಬ್ಬರು ಗಿರಾಕಿಗಳ ಮೇಲೆ ಬೇರೊಂದು ಪ್ರಯೋಗ ಮಾಡಿದೆ. ಬಿಲ್ಲಾಗಿ 180 ದಿನದೊಳಗೆ ದುಡ್ಡು ಕೊಡದಿದ್ದರೆ ತೆಗೆದುಕೊಂಡ ಜಿಎಸ್‌ಟಿ ಕ್ರೆಡಿಟ್ಟನ್ನು ಖರೀದಿದಾರ ಬಡ್ಡಿ ಸಮೇತ ಹಿಂದಿರುಗಿಸಬೇಕು. 150ನೇ ದಿನಕ್ಕೆ ಬಿಲ್‌ವಾರು ಪಟ್ಟಿಯನ್ನು ಮಾಲೀಕರ ಬದಲು ಅವರ ಅಕೌಂಟ್ಸ್ ವಿಭಾಗಕ್ಕೆ ಕಳಿಸಿದೆ. ಒಬ್ಬರು ವಾರದೊಳಗೆ ಪೂರ್ತಿ ಕೊಟ್ಟರು, ಇನ್ನೊಬ್ಬರು ಅರ್ಧ.

ಆರ್‌ಪಿ ಬದಲಾದರೆ ಮಾತ್ರ ಹುಷಾರು. ಹೊಸಬರಿಂದ ಪಿಓ ಮೇಲೆ ಮತ್ತೆ ಸಹಿ ಹಾಕಿಸಿಕೊಂಡೇ ಮುಂದಿನ ಗಾಡಿ ಬಿಡಿ.